ಪುಸ್ತಕದ ಸ್ಪೈಡರ್‌ಮ್ಯಾನ್, ಪರದೆಯ ಸ್ಪೈಡರ್‌ಮ್ಯಾನ್

ಪ್ರಶ್ನೆ: ನನ್ನ ಮಗ ಒಂಬತ್ತನೇ ತರಗತಿಯಲ್ಲಿದ್ದಾನೆ. ಸೂಪರ್‌ಹೀರೋ ಸಿನಿಮಾಗಳನ್ನು ನಾವಿಬ್ಬರೂ ಒಟ್ಟಿಗೇ ನೋಡುತ್ತ ಬಂದವರು. ಈ ಬೇಸಿಗೆ ರಜೆಯಲ್ಲಿ ದುಬೈಯಿಂದ ಊರಿಗೆ ಬಂದ ನನ್ನ ತಮ್ಮ ಅವನಿಗೆ ಕಾಮಿಕ್ಸ್‌ನ ನಾಲ್ಕು ದಪ್ಪ ಸಂಪುಟಗಳನ್ನು ತಂದುಕೊಟ್ಟ. ಅಂದಿನಿಂದ ಮನೆಯಲ್ಲಿ ದಿನವೂ ವಾದ. ‘ಸಿನಿಮಾದವರು ಎಲ್ಲವನ್ನೂ ಕೆಡಿಸಿದ್ದಾರೆ’ ಎನ್ನುತ್ತಾನೆ. ಸ್ಪೈಡರ್‌ಮ್ಯಾನ್‌ನ ಬಲೆ ಅವನ ಮೈಯಿಂದಲೇ ಹೊರಡುವುದು ತಪ್ಪಂತೆ, ಐರನ್ ಮ್ಯಾನ್‌ನ ಸೇವಕ ಜಾರ್ವಿಸ್ ಯಂತ್ರವಲ್ಲ ಮನುಷ್ಯನಂತೆ, ಖಳನಾಯಕ ಥಾನೋಸ್‌ನ ಉದ್ದೇಶವೇ ಬೇರೆಯಂತೆ, ಸ್ಪೈಡರ್‌ಮ್ಯಾನ್‌ನ ಗೆಳತಿ ಗ್ವೆನ್ ಸಾಯುವುದು ಗಡಿಯಾರದ ಗೋಪುರದಲ್ಲಿ ಅಲ್ಲ, ಸೇತುವೆಯ ಮೇಲಿನಿಂದ ಬಿದ್ದಂತೆ. ನಾನು ಕಾಮಿಕ್ಸ್ ಓದಿದವಳಲ್ಲ. ಅಪ್ಪನ ಜೊತೆ ತಾಳಮದ್ದಳೆ ಕೇಳುತ್ತ ಬೆಳೆದವಳು. ಸಿನಿಮಾ ಮಾಡುವವರು ಇಷ್ಟೊಂದು ಬದಲಾಯಿಸುವುದು ಏಕೆ? ಮೂಲಕ್ಕೆ ನಿಷ್ಠರಾಗಿರಬಾರದೇ? ಸಿನಿಮಾ ನೋಡಿಯಾದ ಮೇಲೆ ಪುಸ್ತಕ ಓದಿದರೆ ಹೊಸತೇನಾದರೂ ಸಿಗುತ್ತದೆಯೇ?
— ಓದುಗರೊಬ್ಬರು, ಬಿಜೈ, ಮಂಗಳೂರು

ಉತ್ತರ: ನಿಮ್ಮ ಮಗ ಪಟ್ಟಿ ಮಾಡಿದ ನಾಲ್ಕು ಸಂಗತಿಗಳೂ ಸರಿ. ಅದನ್ನು ಮೊದಲೇ ಹೇಳಿಬಿಡಬೇಕು, ಏಕೆಂದರೆ ಆ ವಯಸ್ಸಿನಲ್ಲಿ ಅಷ್ಟು ಎಚ್ಚರದಿಂದ ಓದುವವರು ಕಡಿಮೆ. ‘ಕೆಡಿಸಿದ್ದಾರೆ’ ಎಂಬ ಅವನ ತೀರ್ಪನ್ನು ಮಾತ್ರ ನಾನು ಒಪ್ಪುವುದಿಲ್ಲ. ಉಡುಪಿಯಲ್ಲಿ ಇಪ್ಪತ್ತು ವರ್ಷಗಳಿಂದ ಕಾಮಿಕ್ಸ್ ರಚನೆ, ಸಿನಿಮಾ ಸಂಕಲನ ಎರಡನ್ನೂ ಕಲಿಸುತ್ತಿದ್ದೇನೆ. ಪ್ರತಿ ವರ್ಷ ಮೊದಲ ವಾರದಲ್ಲೇ ಈ ಜಗಳ ತರಗತಿಗೆ ಬರುತ್ತದೆ. ಅದನ್ನು ಬಿಡಿಸಲು ನಾನು ಹಿಡಿಯುವ ದಾರಿಯನ್ನು ನಿಮ್ಮ ಪತ್ರದಲ್ಲಿ ನೀವೇ ತೋರಿಸಿದ್ದೀರಿ: ತಾಳಮದ್ದಳೆ, ಅಂದರೆ ವೇಷ, ಕುಣಿತಗಳಿಲ್ಲದೆ ಕುಳಿತು ಮಾತಿನಲ್ಲೇ ನಡೆಸುವ ಯಕ್ಷಗಾನ.

ವಾಲಿವಧೆಯ ಪ್ರಸಂಗ ಪುಸ್ತಕವನ್ನು ತೆರೆದು ನೋಡಿ. ರಾಗ, ತಾಳಗಳನ್ನು ಸೂಚಿಸಿದ ಪದ್ಯಗಳಿರುತ್ತವೆ. ಆಡಬೇಕಾದ ಮಾತು ಅಲ್ಲಿ ಇರುವುದಿಲ್ಲ. ಬಾಣ ತಗಲಿ ಬಿದ್ದ ವಾಲಿ, ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮವೆಂದು ರಾಮನನ್ನು ಕೇಳುವ ಭಾಗ ಓದಿಕೊಂಡು ಹೋದರೆ ಕೆಲವೇ ನಿಮಿಷ. ಅದೇ ಪದ್ಯಗಳಿಗೆ ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರು ಅರ್ಥ ಹೇಳಲು ಕುಳಿತರೆ ವಾಲಿಯ ಒಂದೊಂದು ಪ್ರಶ್ನೆಯೂ ಬೆಳೆಯುತ್ತಿತ್ತು, ರಾಮನ ಪಾತ್ರಧಾರಿ ಉತ್ತರಕ್ಕಾಗಿ ಹೆಣಗಬೇಕಾಗುತ್ತಿತ್ತು. ಅದೇ ವಾಲಿ ಬಯಲಾಟದ ರಂಗಸ್ಥಳಕ್ಕೆ ಬಂದರೆ ವೇಷವಿದೆ, ಕುಣಿತವಿದೆ, ಚೆಂಡೆಯಿದೆ, ಮಾತು ಕಡಿಮೆಯಾಗುತ್ತದೆ. ಕಾಲಮಿತಿಯ ಆಟದಲ್ಲಿ ಇನ್ನೂ ಕಡಿಮೆ. ಪ್ರಸಂಗ ಒಂದೇ ಆದರೂ ಒಂದು ಪದ್ಯಕ್ಕೆ ಎಷ್ಟು ಹೊತ್ತು ಸಲ್ಲಬೇಕೆಂದು ನಿರ್ಧರಿಸುವವರು ಬೇರೆ ಬೇರೆ. ಹೊತ್ತು ಯಾರ ಕೈಯಲ್ಲಿದೆಯೋ ವಾಲಿಯ ಸ್ವಭಾವವೂ ಅವರ ಕೈಯಲ್ಲಿ.

ಕಾಮಿಕ್ಸ್ ಮತ್ತು ಸಿನಿಮಾದ ವ್ಯತ್ಯಾಸದ ಬೇರು ಇಲ್ಲೇ ಇದೆ ಎಂಬುದು ನನ್ನ ನಂಬಿಕೆ. ಕಾಮಿಕ್ಸ್‌ನಲ್ಲಿ ಹೊತ್ತು ಓದುಗನ ಕೈಯಲ್ಲಿರುತ್ತದೆ. ಸಿನಿಮಾದಲ್ಲಿ ಅದು ನಿರ್ದೇಶಕ ಮತ್ತು ಸಂಕಲನಕಾರರ ಕೈಗೆ ಹೋಗುತ್ತದೆ. ನಿಮ್ಮ ಮಗನ ಪಟ್ಟಿಯಲ್ಲಿರುವ ಹೆಚ್ಚಿನ ಬದಲಾವಣೆಗಳು ಈ ಒಂದು ಹಸ್ತಾಂತರದಿಂದ ಹುಟ್ಟಿದವು.

ನಮ್ಮ ಭಾಷೆ ಈ ವಿಷಯದಲ್ಲಿ ನಮ್ಮನ್ನು ಸ್ವಲ್ಪ ದಾರಿ ತಪ್ಪಿಸುತ್ತದೆ. ಕಾರ್ಕಳದಲ್ಲಿ 1929ರಲ್ಲಿ ಹುಟ್ಟಿದ ಅನಂತ ಪೈಯವರು ರೂಪಿಸಿದ ಅಮರ ಚಿತ್ರ ಕಥೆಯ ಪುಸ್ತಕಗಳನ್ನು ನಾವು ‘ಚಿತ್ರಕಥೆ’ ಎನ್ನುತ್ತೇವೆ. ಸಿನಿಮಾ ಶುರುವಾಗುವಾಗ ಪರದೆಯ ಮೇಲೆ ಬರುವ ‘ಚಿತ್ರಕಥೆ, ಸಂಭಾಷಣೆ, ನಿರ್ದೇಶನ’ದಲ್ಲೂ ಅದೇ ಮಾತು. ಹೀಗಾಗಿ ಒಂದನ್ನು ಇನ್ನೊಂದಕ್ಕೆ ನೇರವಾಗಿ ಸುರಿದುಬಿಡಬಹುದು ಎಂಬ ಭಾವನೆ ಬರುತ್ತದೆ. ಚೌಕಗಳು ಈಗಾಗಲೇ ಬಿಡಿಸಿಟ್ಟ ದೃಶ್ಯಗಳಲ್ಲವೇ, ಕ್ಯಾಮೆರಾ ಇಟ್ಟರೆ ಸಾಕಲ್ಲ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಸಾಕಾಗುವುದಿಲ್ಲ. ಏಕೆಂದು ತೋರಿಸಲು ನಿಮ್ಮ ಮಗನ ಕೊನೆಯ ದೂರನ್ನೇ ತೆಗೆದುಕೊಳ್ಳುತ್ತೇನೆ.

1973ರ ಜೂನ್ ತಿಂಗಳ ‘ದಿ ಅಮೇಜಿಂಗ್ ಸ್ಪೈಡರ್‌ಮ್ಯಾನ್’ 121ನೇ ಸಂಚಿಕೆ. ಬರೆದವರು ಜೆರಿ ಕಾನ್‌ವೇ, ಪೆನ್ಸಿಲಿನಲ್ಲಿ ಬಿಡಿಸಿದವರು ಗಿಲ್ ಕೇನ್. ಖಳನಾಯಕ ಗ್ರೀನ್ ಗಾಬ್ಲಿನ್ ಸೇತುವೆಯ ಗೋಪುರದ ಮೇಲಿನಿಂದ ಗ್ವೆನ್ ಸ್ಟೇಸಿಯನ್ನು ಕೆಳಗೆ ಬೀಳಿಸುತ್ತಾನೆ. ಸ್ಪೈಡರ್‌ಮ್ಯಾನ್ ಬಲೆಯ ಎಳೆಯನ್ನು ಎಸೆಯುತ್ತಾನೆ. ಅದು ಅವಳ ಕಾಲಿಗೆ ಅಂಟಿಕೊಂಡು ಅವಳನ್ನು ತಡೆದು ನಿಲ್ಲಿಸುತ್ತದೆ. ಆ ಚೌಕದಲ್ಲಿ, ಅವಳ ಕತ್ತಿನ ಪಕ್ಕದಲ್ಲಿ, ಸಣ್ಣ ಅಕ್ಷರಗಳಲ್ಲಿ ಒಂದು ಸದ್ದನ್ನು ಬರೆದಿದ್ದಾರೆ: ‘ಸ್ನ್ಯಾಪ್’. ನಾವಾದರೆ ‘ಲಟಕ್’ ಎಂದು ಬರೆಯುತ್ತಿದ್ದೆವು. ಸ್ಪೈಡರ್‌ಮ್ಯಾನ್ ಅದನ್ನು ಕೇಳಿಸಿಕೊಂಡಿಲ್ಲ. ಹಿಡಿದೇ ಬಿಟ್ಟೆನೆಂದು ಹಿಗ್ಗುತ್ತ ಅವಳನ್ನು ಮೇಲಕ್ಕೆ ಎಳೆದುಕೊಳ್ಳುತ್ತಾನೆ.

ಮೊದಲ ಓದಿನಲ್ಲಿ ಕಣ್ಣು ಆ ಅಕ್ಷರಗಳ ಮೇಲೆ ಜಾರಿ ಮುಂದೆ ಹೋಗುತ್ತದೆ, ಏಕೆಂದರೆ ಓದುಗನಿಗೂ ಅವಳು ಬದುಕಿದಳೆಂಬ ಸಮಾಧಾನ ಬೇಕಾಗಿರುತ್ತದೆ. ಅವಳು ಸತ್ತಿದ್ದಾಳೆ ಎಂದು ತಿಳಿದ ಮೇಲೆ ಹಾಳೆಯನ್ನು ಹಿಂದಕ್ಕೆ ತಿರುಗಿಸುತ್ತಾನೆ. ಆಗ ಆ ಲಟಕ್ ಕಾಣುತ್ತದೆ. ಅವಳನ್ನು ಕೊಂದದ್ದು ಬೀಳುವಿಕೆಯೋ, ಥಟ್ಟನೆ ತಡೆದ ಎಳೆಯೋ? ಉಳಿಸಲು ಚಾಚಿದ ಕೈಯೇ ಕೊಂದಿತೇ? ಓದುಗರು ಇದನ್ನು ಕೇಳದೆ ಬಿಡಲಿಲ್ಲ. ಕೆಲವು ಸಂಚಿಕೆಗಳ ನಂತರ ಪತ್ರಗಳ ಪುಟದಲ್ಲಿ, ಎಳೆ ತಡೆದ ರಭಸಕ್ಕೇ ಕತ್ತು ಮುರಿಯಿತು ಎಂಬ ಉತ್ತರ ಬಂತು. ನಾನು ಆ ಪುಟವನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ ಬೆರಳು ತಾನಾಗಿಯೇ ಹಿಂದಿನ ಚೌಕಕ್ಕೆ ಹೋಗುತ್ತದೆ. (ಮಾತಿನಲ್ಲಿ ಅದು ಜಾರ್ಜ್ ವಾಷಿಂಗ್ಟನ್ ಸೇತುವೆ, ಚಿತ್ರದಲ್ಲಿ ಬ್ರೂಕ್ಲಿನ್ ಸೇತುವೆ. ಬರೆಯುವ ಕೈ, ಬಿಡಿಸುವ ಕೈ ಬೇರೆಯಾಗಿರುವ ಮಾಧ್ಯಮದಲ್ಲಿ ಹೀಗೂ ಆಗುತ್ತದೆ.)

ಈಗ 2014ರ ‘ದಿ ಅಮೇಜಿಂಗ್ ಸ್ಪೈಡರ್‌ಮ್ಯಾನ್ 2’. ಗಡಿಯಾರದ ಗೋಪುರದೊಳಗೆ ಗ್ವೆನ್ ಬೀಳುತ್ತಾಳೆ. ವೇಗ ನಿಧಾನವಾಗುತ್ತದೆ. ಬಲೆಯ ಎಳೆ ಅವಳತ್ತ ಹೋಗುತ್ತ ತುದಿಯಲ್ಲಿ ಬೆರಳುಗಳಂತೆ ಬಿಚ್ಚಿಕೊಳ್ಳುತ್ತದೆ, ಚಾಚಿದ ಅಂಗೈಯಂತೆ. ಅವಳನ್ನು ಮುಟ್ಟುತ್ತದೆ, ಆದರೆ ತಡವಾಗಿದೆ. ತಲೆ ನೆಲಕ್ಕೆ ಬಡಿಯುತ್ತದೆ. ಆ ಕೈಯ ಕಲ್ಪನೆ ಬಹಳ ಒಳ್ಳೆಯದು, ಅದು ಪುಸ್ತಕದಲ್ಲಿಲ್ಲ. ಎಮ್ಮಾ ಸ್ಟೋನ್ ಮುಖದ ಭಯ, ಆಮೇಲಿನ ಮೌನ, ಆಂಡ್ರ್ಯೂ ಗಾರ್‌ಫೀಲ್ಡ್ ಒಡೆದ ದನಿಯಲ್ಲಿ ಕರೆಯುವುದು, ಇವು ಯಾವ ಪೆನ್ಸಿಲಿಗೂ ಸಿಗದ ಸಂಗತಿಗಳು. ಆದರೆ ಪುಸ್ತಕ ಓದುಗನ ಮೇಲೆ ಹೊರಿಸಿದ್ದ ಪ್ರಶ್ನೆ ಇಲ್ಲಿ ಬಹುಮಟ್ಟಿಗೆ ಇಲ್ಲವಾಯಿತು. ಚಿತ್ರಮಂದಿರದಲ್ಲಿ ಕುಳಿತವನಿಗೆ ಹಾಳೆ ಹಿಂದೆ ತಿರುಗಿಸಲು ಆಗುವುದಿಲ್ಲ. ಸೆಕೆಂಡಿಗೆ 24 ಚೌಕಟ್ಟುಗಳಂತೆ ಓಡುವ ಚಿತ್ರದಲ್ಲಿ ಸಣ್ಣ ಅಕ್ಷರದ ‘ಲಟಕ್’ ಅನ್ನು ಬಚ್ಚಿಡಲು ಜಾಗವೇ ಇಲ್ಲ. ಆದ್ದರಿಂದ ಸಾವು ನೆಲದ ಮೇಲೆ, ಎಲ್ಲರ ಕಣ್ಣೆದುರಿಗೆ, ಸಂಶಯಕ್ಕೆ ಎಡೆಯಿಲ್ಲದಂತೆ ಆಗಬೇಕಾಯಿತು.

ಇದೇ ದೃಶ್ಯವನ್ನು 2002ರ ‘ಸ್ಪೈಡರ್‌ಮ್ಯಾನ್’ ಇನ್ನೊಂದು ರೀತಿಯಲ್ಲಿ ಬಳಸಿಕೊಂಡಿತು ಎಂಬುದನ್ನೂ ನಿಮ್ಮ ಮಗನಿಗೆ ಹೇಳಿ. ಅಲ್ಲಿಯೂ ಸೇತುವೆಯಿದೆ, ಗ್ರೀನ್ ಗಾಬ್ಲಿನ್ ಇದ್ದಾನೆ. ಆದರೆ ಅವನ ಒಂದು ಕೈಯಲ್ಲಿ ಸ್ಪೈಡರ್‌ಮ್ಯಾನ್ ಪ್ರೀತಿಸುವ ಮೇರಿ ಜೇನ್, ಇನ್ನೊಂದು ಕೈಯಲ್ಲಿ ಮಕ್ಕಳು ತುಂಬಿದ ತೂಗುಬಂಡಿ. ಇಬ್ಬರನ್ನೂ ಬಿಡುತ್ತಾನೆ, ಸ್ಪೈಡರ್‌ಮ್ಯಾನ್ ಎಲ್ಲರನ್ನೂ ಉಳಿಸುತ್ತಾನೆ. ಪುಸ್ತಕದ ಗಾಯ ಗೊತ್ತಿದ್ದವರು ಆ ದೃಶ್ಯವನ್ನು ಉಸಿರು ಬಿಗಿಹಿಡಿದು ನೋಡಿದರು. ಗೊತ್ತಿಲ್ಲದವರಿಗೆ ಅದು ಒಳ್ಳೆಯ ಸಾಹಸ ದೃಶ್ಯ. ನಾನು ಮೊದಲ ಗುಂಪಿನಲ್ಲಿದ್ದೆ.

ಚೌಕಗಳ ನಡುವಿನ ಬಿಳಿ ಪಟ್ಟಿಯ ಬಗ್ಗೆಯೂ ಒಂದು ಮಾತು. ಒಂದು ಚೌಕದಲ್ಲಿ ಎತ್ತಿದ ಮುಷ್ಟಿ, ಮುಂದಿನದರಲ್ಲಿ ಬಿದ್ದ ಮನುಷ್ಯ. ಹೊಡೆತವನ್ನು ಯಾರೂ ಬಿಡಿಸಿಲ್ಲ. ಅದನ್ನು ಹೊಡೆದವನು ಓದುಗ, ಆ ಬಿಳಿ ಪಟ್ಟಿಯೊಳಗೆ, ತನಗೆ ಬೇಕಾದಷ್ಟು ಜೋರಾಗಿ. ಸಿನಿಮಾ ಆ ಹೊಡೆತವನ್ನು ತೋರಿಸಲೇಬೇಕು. ಅದಕ್ಕೆ ಸಾಹಸ ಕಲಾವಿದರು, ಹಗ್ಗಗಳು, ಗ್ರಾಫಿಕ್ಸ್, ತಿಂಗಳುಗಟ್ಟಲೆ ಕೆಲಸ. ಕಾಮಿಕ್ಸ್‌ನ ಹೊಡೆದಾಟಗಳು ಒಂದೆರಡು ಪುಟಗಳಲ್ಲಿ ಮುಗಿದು ಸಿನಿಮಾದ ಹೊಡೆದಾಟಗಳು ಇಪ್ಪತ್ತು ನಿಮಿಷ ಹಿಗ್ಗುವುದಕ್ಕೆ ಒಂದು ಕಾರಣ ಇದು.

ಇನ್ನು ಬಲೆಯ ವಿಷಯ. 1962ರಲ್ಲಿ ಸ್ಟ್ಯಾನ್ ಲೀ ಮತ್ತು ಸ್ಟೀವ್ ಡಿಟ್ಕೊ ಸೃಷ್ಟಿಸಿದ ಪೀಟರ್ ಪಾರ್ಕರ್ (ಮುಖವಾಡ ತೆಗೆದ ಸ್ಪೈಡರ್‌ಮ್ಯಾನ್) ಬಲೆಯ ದ್ರವವನ್ನೂ ಅದನ್ನು ಚಿಮ್ಮಿಸುವ ಉಪಕರಣವನ್ನೂ ತಾನೇ ತಯಾರಿಸುತ್ತಾನೆ. ಅವನು ಬುದ್ಧಿವಂತ, ಬಡವ. ದ್ರವ ಮುಗಿದುಹೋಗುತ್ತದೆ, ಅದೂ ಬೇಕಾದ ಹೊತ್ತಿಗೆ ಸರಿಯಾಗಿ. ಈ ಮುಗಿದುಹೋಗುವಿಕೆ ತಿಂಗಳು ತಿಂಗಳೂ ಬರುವ ಪತ್ರಿಕೆಗೆ ಹೇಳಿ ಮಾಡಿಸಿದಂತಿತ್ತು. 2002ರ ಸಿನಿಮಾ ಅದನ್ನು ದೇಹದೊಳಗೆ ತಂದಿತು: ಹದಿಹರೆಯದ ಹುಡುಗನ ಮೈಯಲ್ಲಿ ಅವನಿಗೇ ತಿಳಿಯದ ಬದಲಾವಣೆ. 2004ರ ಎರಡನೇ ಸಿನಿಮಾದಲ್ಲಿ ಅವನ ಮನಸ್ಸು ಸೋತಾಗ ಬಲೆಯೂ ಸೋಲುತ್ತದೆ. ನನಗೆ ವೈಯಕ್ತಿಕವಾಗಿ ಡಬ್ಬಿಯ ದ್ರವವೇ ಇಷ್ಟ, ಕಾಸಿಲ್ಲದ ಹುಡುಗನ ಲೆಕ್ಕಾಚಾರ ಅದರಲ್ಲಿದೆ. ಆದರೂ ಎರಡು ಗಂಟೆಯಲ್ಲಿ ಕಥೆ ಹೇಳುವವನಿಗೆ ದೇಹದ ದಾರಿ ಹತ್ತಿರದ್ದು ಎಂದು ಒಪ್ಪುತ್ತೇನೆ. ಮುಂದೆ ಬಂದ ಸಿನಿಮಾಗಳು ಮತ್ತೆ ಉಪಕರಣಕ್ಕೇ ಮರಳಿದವು. ಇನ್ನೂ ಒಂದು ಸಂಗತಿ: 2004ರಲ್ಲಿ ಕಾಮಿಕ್ಸ್‌ನವರೂ ತಮ್ಮ ಸ್ಪೈಡರ್‌ಮ್ಯಾನ್‌ಗೆ ಕೆಲವು ಕಾಲ ಮೈಯಿಂದಲೇ ಬರುವ ಬಲೆಯನ್ನು ಕೊಟ್ಟರು. ಸಿನಿಮಾ ನೋಡಿ ಪುಸ್ತಕ ಬದಲಾಯಿತು.

ಜಾರ್ವಿಸ್ ವಿಷಯದಲ್ಲಿ ನಿಮಗೆ ತಾಳಮದ್ದಳೆ, ಬಯಲಾಟದ ಅನುಭವ ನೇರವಾಗಿ ನೆರವಾಗುತ್ತದೆ. ಕಾಮಿಕ್ಸ್‌ನಲ್ಲಿ ಎಡ್ವಿನ್ ಜಾರ್ವಿಸ್, ಐರನ್ ಮ್ಯಾನ್ ಆಗುವ ಟೋನಿ ಸ್ಟಾರ್ಕ್ ಮನೆಯ ಮನುಷ್ಯ ಬಟ್ಲರ್, 1964ರಿಂದ ಇರುವವನು. 2008ರ ‘ಐರನ್ ಮ್ಯಾನ್’ನಲ್ಲಿ ಅವನು ಕಂಪ್ಯೂಟರಿನ ದನಿ. ಕಬ್ಬಿಣದ ಕವಚದೊಳಗೆ ಒಂಟಿಯಾಗಿ ಹಾರುವ ಮನುಷ್ಯ ಏನು ಯೋಚಿಸುತ್ತಿದ್ದಾನೆಂದು ಪುಸ್ತಕದಲ್ಲಿ ತಿಳಿಸುವುದು ಸುಲಭ: ತಲೆಯ ಮೇಲೆ ಮೋಡದಂಥ ಗುಳ್ಳೆ ಬಿಡಿಸಿ ಒಳಗೆ ಯೋಚನೆಯನ್ನು ಬರೆದರಾಯಿತು. ಸಿನಿಮಾಕ್ಕೆ ಆ ಗುಳ್ಳೆಯಿಲ್ಲ. ಅವನು ಬಾಯಿಬಿಟ್ಟು ಮಾತಾಡಬೇಕು, ಮಾತಾಡಲು ಯಾರಾದರೂ ಬೇಕು. ಒಡ್ಡೋಲಗದಲ್ಲಿ ರಂಗಕ್ಕೆ ಬಂದ ರಾಜವೇಷ ಭಾಗವತರೊಡನೆ ಮಾತಿಗಿಳಿದು ತಾನಾರು, ಏತಕ್ಕೆ ಬಂದೆ ಎಂದು ತಿಳಿಸುತ್ತದೆಯಲ್ಲ, ಭಾಗವತರು ‘ಸರಿ, ಆಮೇಲೆ?’ ಎಂದು ಎಳೆ ಮುಂದುವರಿಸುತ್ತಾರಲ್ಲ, ಜಾರ್ವಿಸ್ ಆ ಕೆಲಸ ಮಾಡುತ್ತಾನೆ. ಅದೇ ಸಿನಿಮಾ ಶಿರಸ್ತ್ರಾಣದ ಒಳಗೆ ಕ್ಯಾಮೆರಾ ಇಟ್ಟಂತೆ ನಟನ ಮುಖವನ್ನೂ ತೋರಿಸಿತು. ಕೋಟಿಗಟ್ಟಲೆ ಕೊಟ್ಟು ಕರೆತಂದ ನಟನ ಮುಖವನ್ನು ಲೋಹದ ಹಿಂದೆ ಅಡಗಿಸಿಡಲು ಯಾವ ನಿರ್ಮಾಪಕನೂ ಒಪ್ಪುವುದಿಲ್ಲ.

ಮುಖವಾಡದ ಕಷ್ಟ ಸ್ಪೈಡರ್‌ಮ್ಯಾನ್‌ಗೆ ಇನ್ನೂ ಹೆಚ್ಚು, ಬಾಯಿ ಮೂಗು ಯಾವುದೂ ಕಾಣುವುದಿಲ್ಲ. ಕಾಮಿಕ್ಸ್ ಕಲಾವಿದರು ಅವನ ಮುಖವಾಡದ ಬಿಳಿ ಕಣ್ಣುಗಳನ್ನು ಸಂದರ್ಭಕ್ಕೆ ತಕ್ಕಂತೆ ಅಗಲಿಸುತ್ತಾರೆ, ಕಿರಿದಾಗಿಸುತ್ತಾರೆ. ಬಟ್ಟೆಯ ಕಣ್ಣು ಅಗಲವಾಗುವುದು ಹೇಗೆಂದು ಓದುಗ ಕೇಳುವುದಿಲ್ಲ. ಮೊದಲ ಸಿನಿಮಾಗಳಲ್ಲಿ ಆ ಕಣ್ಣುಗಳು ಅಲುಗಾಡದ ಗಾಜು, ಆದ್ದರಿಂದ ಭಾವ ಬೇಕಾದಾಗಲೆಲ್ಲ ಮುಖವಾಡ ಹರಿಯುತ್ತಿತ್ತು ಅಥವಾ ಕಳಚುತ್ತಿತ್ತು. 2016ರ ‘ಕ್ಯಾಪ್ಟನ್ ಅಮೆರಿಕ: ಸಿವಿಲ್ ವಾರ್’ನಲ್ಲಿ ಕ್ಯಾಮೆರಾ ಷಟರಿನಂತೆ ಮುಚ್ಚಿ ತೆರೆಯುವ ಯಾಂತ್ರಿಕ ಕಣ್ಣುಗಳು ಬಂದವು. ಐವತ್ತಕ್ಕೂ ಹೆಚ್ಚು ವರ್ಷ ಪೆನ್ಸಿಲಿನ ಒಂದು ಗೆರೆಯಲ್ಲಿ ಆಗುತ್ತಿದ್ದ ಕೆಲಸಕ್ಕೆ ಸಿನಿಮಾ ಕೊನೆಗೂ ಒಂದು ದಾರಿ ಕಂಡುಕೊಂಡಿತು. ತೆಂಕುತಿಟ್ಟಿನ ಬಣ್ಣದ ವೇಷದಲ್ಲಿ ಚುಟ್ಟಿಯ (ಮುಖದ ಮೇಲೆ ಇಡುವ ಅಕ್ಕಿಹಿಟ್ಟಿನ ಚುಕ್ಕೆಗಳ) ಹಿಂದೆ ಅಡಗಿದ ಮುಖದಿಂದ ಕಣ್ಣಾಲಿ ಮಾತ್ರ ಆಡಿಸಿ ರೌದ್ರ ತೋರಿಸುವ ಕಲಾವಿದರನ್ನು ಕಂಡ ನಮಗೆ ಆ ಬಿಳಿ ಕಣ್ಣುಗಳ ಬೆಲೆ ಬೇಗ ತಿಳಿಯುತ್ತದೆ.

ಥಾನೋಸ್‌ಗೆ ಬರುತ್ತೇನೆ. ಇದು ನಾಲ್ಕು ಬದಲಾವಣೆಗಳಲ್ಲಿ ಅತ್ಯಂತ ದೊಡ್ಡದು. ಜಿಮ್ ಸ್ಟಾರ್ಲಿನ್ ಬರೆದ 1991ರ ‘ದಿ ಇನ್ಫಿನಿಟಿ ಗಾಂಟ್ಲೆಟ್’ ಆರು ಸಂಚಿಕೆಗಳ ಕಥೆ. ಅಲ್ಲಿ ಮೃತ್ಯು ಒಬ್ಬ ಹೆಣ್ಣು, ಥಾನೋಸ್ ಅವಳನ್ನು ಪ್ರೀತಿಸುತ್ತಾನೆ. ಅವಳನ್ನು ಒಲಿಸಿಕೊಳ್ಳಲು ವಿಶ್ವದ ಅರ್ಧ ಜೀವಗಳನ್ನು ಬೆರಳು ಚಿಟಿಕೆಯಲ್ಲಿ ಅಳಿಸುತ್ತಾನೆ. ಅವಳು ತಿರುಗಿ ಒಂದು ಮಾತನ್ನೂ ಆಡುವುದಿಲ್ಲ. ಮೃತ್ಯುವನ್ನು ಹೆಣ್ಣಾಗಿ ಕಾಣುವುದು ಮಹಾಭಾರತ ಓದಿದವರಿಗೆ ಹೊಸತಲ್ಲ. ಬ್ರಹ್ಮನಿಂದ ಹುಟ್ಟಿ, ಕೊಲ್ಲುವ ಕೆಲಸ ಬೇಡವೆಂದು ಅಳುವ ಮೃತ್ಯುದೇವಿಯ ಕಥೆ ದ್ರೋಣಪರ್ವದಲ್ಲೇ ಇದೆ. 2018ರ ‘ಅವೆಂಜರ್ಸ್: ಇನ್ಫಿನಿಟಿ ವಾರ್’ ಈ ಪ್ರೇಮವನ್ನು ಪೂರ್ತಿ ತೆಗೆದುಹಾಕಿತು. ಅಲ್ಲಿ ಥಾನೋಸ್‌ಗೆ ಒಂದು ವಾದವಿದೆ: ಜೀವಿಗಳು ಹೆಚ್ಚಾದರು, ಸಂಪನ್ಮೂಲ ಸಾಲದು, ಅರ್ಧ ಜನ ಹೋದರೆ ಉಳಿದವರು ಬದುಕುತ್ತಾರೆ.

ಏಕೆ ಹೀಗೆ? ಕಾಮಿಕ್ಸ್ ಓದುಗರಿಗೆ ಥಾನೋಸ್ 1973ರಿಂದ ಪರಿಚಿತ. ಅವನ ಮರುಳು ಅವರಿಗೆ ಹಳೆಯ ವಿಷಯ. ಸಿನಿಮಾ ನೋಡಲು ಬಂದ ಹೆಚ್ಚಿನವರು ಅವನನ್ನು ಅದಕ್ಕೆ ಮೊದಲು ಕೆಲವು ಕ್ಷಣಗಳಷ್ಟೇ ಕಂಡಿದ್ದರು. ಅವರನ್ನು ಎರಡೂವರೆ ಗಂಟೆ ಹಿಡಿದಿಡಲು ಕೇಳುವವರಿಗೆ ಒಂದು ಕ್ಷಣ ‘ಹೌದೇನೋ’ ಅನ್ನಿಸುವ ಮಾತು ಬೇಕಿತ್ತು. ಸಿನಿಮಾದ ಥಾನೋಸ್ ಜೊತೆ ಊಟಕ್ಕೆ ಕುಳಿತು ವಾದ ಮಾಡಬಹುದು. ನಿಮ್ಮ ಮನೆಯಲ್ಲೂ ಮಾಡಿರುತ್ತೀರಿ. ಆದರೆ ಪುಸ್ತಕದಲ್ಲಿ ಇರುವ ಒಂದು ಭಯಾನಕ ಸಣ್ಣತನ ಕಳೆದುಹೋಯಿತು: ಸರ್ವಶಕ್ತನಾದವನು ಒಬ್ಬಳ ನೋಟಕ್ಕಾಗಿ ಹಾತೊರೆದು ನಿಲ್ಲುವುದು. ಅದು ನನಗೆ ಇಂದಿಗೂ ಕೊರತೆಯಾಗಿ ಕಾಣುತ್ತದೆ.

ಉದ್ದೇಶಕ್ಕಿಂತಲೂ ಹೆಚ್ಚು ಗಮನಿಸಬೇಕಾದದ್ದು ಚಿಟಿಕೆ ಎಲ್ಲಿ ಬರುತ್ತದೆ ಎಂಬುದು. ಪುಸ್ತಕದಲ್ಲಿ ಅದು ಮೊದಲ ಸಂಚಿಕೆಯಲ್ಲೇ ಬರುತ್ತದೆ, ಉಳಿದ ಐದು ಸಂಚಿಕೆ ಅದರ ಪರಿಣಾಮ. ಸಿನಿಮಾದಲ್ಲಿ ಅದು ಕೊನೆಯಲ್ಲಿದೆ. ನಾನು ಅದನ್ನು ಮಣಿಪಾಲದಲ್ಲಿ ವಿದ್ಯಾರ್ಥಿಗಳ ಜೊತೆ ನೋಡಿದೆ. ಒಬ್ಬೊಬ್ಬರೇ ಬೂದಿಯಾಗಿ ಉದುರಿ ಪರದೆ ಕಪ್ಪಾದಾಗ ಯಾರೂ ಎದ್ದೇಳಲಿಲ್ಲ. ಪಾಪ್‌ಕಾರ್ನ್ ಡಬ್ಬಿ ಹಿಡಿದ ಹುಡುಗನೊಬ್ಬ ಅದನ್ನು ಹಾಗೇ ಎದೆಗವಚಿಕೊಂಡು ಕುಳಿತಿದ್ದ. ಉತ್ತರಕ್ಕೆ ಒಂದು ವರ್ಷ ಕಾಯಬೇಕಾಯಿತು. ‘ಮುಂದಿನ ಸಂಚಿಕೆಯಲ್ಲಿ’ ಎಂಬ ಕಾಮಿಕ್ಸ್‌ನ ಹಳೆಯ ಹಿಡಿತವನ್ನು ಸಿನಿಮಾ ಅಷ್ಟು ಧೈರ್ಯದಿಂದ ಎತ್ತಿಕೊಂಡದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ಹಣ, ಹಕ್ಕುಗಳ ಕಾರಣಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಕಾಗದದ ಮೇಲೆ ಅಡುಗೆಮನೆಗೂ ಆಕಾಶಗಂಗೆಗೂ ಒಂದೇ ಮಸಿ ಸಾಕು, ಸಿನಿಮಾದಲ್ಲಿ ಹಾಗಲ್ಲ. 2006ರ ‘ಸಿವಿಲ್ ವಾರ್’ ಕಾಮಿಕ್ಸ್‌ನಲ್ಲಿ ಹತ್ತಾರು ವೀರರು ಎರಡು ಬಣವಾ‌ಗಿ ಕಾದಾಡುತ್ತಾರೆ, 2016ರ ಸಿನಿಮಾದ ವಿಮಾನ ನಿಲ್ದಾಣದಲ್ಲಿ ಆರು ಮತ್ತು ಆರು, ಒಟ್ಟು ಹನ್ನೆರಡು ಮಂದಿ. ಜಗಳದ ಕಾರಣವೂ ಕಾನೂನಿನಿಂದ ಶುರುವಾಗಿ ಕೊನೆಗೆ ಒಬ್ಬನ ಅಪ್ಪ ಅಮ್ಮನ ಕೊಲೆಗೆ ಬಂದು ನಿಲ್ಲುತ್ತದೆ. ಇನ್ನು 1996ರಲ್ಲಿ ದಿವಾಳಿ ಅರ್ಜಿ ಹಾಕಿದ್ದ, ಈ ಕಾಮಿಕ್ಸ್‌ಗಳ ಪ್ರಕಾಶಕ ಸಂಸ್ಥೆ ಮಾರ್ವೆಲ್ ತನ್ನ ಪಾತ್ರಗಳ ಸಿನಿಮಾ ಹಕ್ಕನ್ನು ಬೇರೆ ಬೇರೆ ಕಂಪನಿಗಳಿಗೆ ಮಾರಿಕೊಂಡಿತ್ತು. ಎಕ್ಸ್-ಮೆನ್ ಫಾಕ್ಸ್ ಬಳಿ, ಸ್ಪೈಡರ್‌ಮ್ಯಾನ್ ಸೋನಿ ಬಳಿ ಇದ್ದವು. ಸೋನಿಯ ಜೊತೆ 2015ರಲ್ಲಿ ಒಪ್ಪಂದವಾಗುವವರೆಗೂ ಅವೆಂಜರ್ಸ್ ಸಿನಿಮಾಗಳಲ್ಲಿ ಸ್ಪೈಡರ್‌ಮ್ಯಾನ್‌ಗೆ ಜಾಗವಿರಲಿಲ್ಲ. ಕ್ವಿಕ್‌ಸಿಲ್ವರ್ ಎಂಬ ಒಂದೇ ಪಾತ್ರ 2014ರಲ್ಲಿ ಒಂದು ಕಂಪನಿಯ ಸಿನಿಮಾದಲ್ಲಿ ಒಬ್ಬ ನಟನಾಗಿ, 2015ರಲ್ಲಿ ಇನ್ನೊಂದರಲ್ಲಿ ಬೇರೊಬ್ಬ ನಟನಾಗಿ ಬಂದದ್ದು ಇದರಿಂದಲೇ. ತಾರೆಯ ಆಕರ್ಷಣೆಯೂ ಕೆಲಸ ಮಾಡುತ್ತದೆ: 1981ರ ‘ಡೇಸ್ ಆಫ್ ಫ್ಯೂಚರ್ ಪಾಸ್ಟ್’ ಎಂಬ ಎಕ್ಸ್-ಮೆನ್ ಕಥೆಯಲ್ಲಿ ಕಾಲದಲ್ಲಿ ಹಿಂದಕ್ಕೆ ಹೋಗುವವಳು ಕಿಟ್ಟಿ ಪ್ರೈಡ್ ಎಂಬ ಹುಡುಗಿ, 2014ರ ಸಿನಿಮಾದಲ್ಲಿ ಹೋಗುವವನು ವುಲ್ವರಿನ್. ಇಂಥ ಬದಲಾವಣೆಗಳನ್ನು ನಿಮ್ಮ ಮಗ ಟೀಕಿಸಿದರೆ ನಾನೂ ಅವನ ಪಕ್ಷವೇ.

ಒಂದು ವಿಷಯದಲ್ಲಿ ಮಾತ್ರ ಸಿನಿಮಾ ಪುಸ್ತಕಕ್ಕಿಂತ ಮೇಲೆಂದು ನನಗೆ ಅನ್ನಿಸುತ್ತದೆ. ಅದಕ್ಕೆ ಮುಗಿಯಲು ಗೊತ್ತು. ಕಾಮಿಕ್ಸ್‌ಗೆ ಮಂಗಳಪದ್ಯವಿಲ್ಲ. ಸೂಪರ್‌ಮ್ಯಾನ್ 1992ರಲ್ಲಿ ಸತ್ತ, 1993ರಲ್ಲಿ ಮರಳಿದ. ಪೀಟರ್ ಪಾರ್ಕರ್ 1962ರಲ್ಲಿ ಶಾಲಾ ಹುಡುಗನಾಗಿದ್ದ, ಅರವತ್ತು ವರ್ಷ ಕಳೆದರೂ ಯುವಕನೇ. ನಟರ ಮೈ ಹಾಗಲ್ಲ. 2000ದಲ್ಲಿ ವುಲ್ವರಿನ್ ಆದ ಹ್ಯೂ ಜಾಕ್‌ಮನ್ 2017ರ ‘ಲೋಗನ್’ನಲ್ಲಿ ಕೆಮ್ಮುತ್ತ, ಕುಂಟುತ್ತ, ಓದಲು ಕನ್ನಡಕ ಹಾಕಿಕೊಳ್ಳುವ ಮನುಷ್ಯನಾದ. ಹದಿನೇಳು ವರ್ಷ ಆ ನಟನ ಜೊತೆ ನಾವೂ ಬೆಳೆದಿದ್ದೆವು, ಆದ್ದರಿಂದ ಆ ಮುಪ್ಪು ನಮ್ಮದೂ ಆಗಿತ್ತು.

ಈಗ ನಿಮ್ಮ ‘ಮೂಲ’ದ ಪ್ರಶ್ನೆ. ನಿಮ್ಮ ಮಗ ಕೈಯಲ್ಲಿರುವ ಸಂಪುಟವನ್ನು ಮೂಲವೆಂದು ನಂಬಿದ್ದಾನೆ. ಅದು ಅಷ್ಟು ಗಟ್ಟಿ ನೆಲವಲ್ಲ. 1938ರಲ್ಲಿ ಜೆರಿ ಸೀಗಲ್ ಮತ್ತು ಜೋ ಶುಸ್ಟರ್ ತಂದ ಸೂಪರ್‌ಮ್ಯಾನ್ ಹಾರುತ್ತಿರಲಿಲ್ಲ, ಎತ್ತರದ ಕಟ್ಟಡಗಳನ್ನು ನೆಗೆಯುತ್ತಿದ್ದ. ಅವನ ಹಾರಾಟವನ್ನು ಜನಪ್ರಿಯಗೊಳಿಸಿದ್ದು 1941ರಲ್ಲಿ ಶುರುವಾದ ಕಾರ್ಟೂನ್ ಚಿತ್ರಗಳು. ಅವನನ್ನು ಸೋಲಿಸುವ ಕ್ರಿಪ್ಟೊನೈಟ್ ಹುಟ್ಟಿದ್ದು 1943ರಲ್ಲಿ, ರೇಡಿಯೊ ಧಾರಾವಾಹಿಯಲ್ಲಿ; ಪುಸ್ತಕಕ್ಕೆ ಅದು ಬಂದದ್ದು 1949ರಲ್ಲಿ. ಬ್ಯಾಟ್‌ಮ್ಯಾನ್‌ನ ಸೇವಕ ಆಲ್‌ಫ್ರೆಡ್ ಮೊದಲು ದಪ್ಪ ಮನುಷ್ಯನಾಗಿದ್ದ. 1943ರ ಸಿನಿಮಾ ಧಾರಾವಾಹಿಯ ನಟ ತೆಳ್ಳಗೆ, ಮೀಸೆ ಇಟ್ಟುಕೊಂಡಿದ್ದರಿಂದ ಕಾಮಿಕ್ಸ್‌ನ ಆಲ್‌ಫ್ರೆಡ್ ಕೂಡ ಇಳಿದು ಮೀಸೆ ಬಿಟ್ಟ. ಬ್ಯಾಟ್‌ಮ್ಯಾನ್ ಕಥೆಗಳ ಹಾರ್ಲಿ ಕ್ವಿನ್ ಮೊದಲು ಕಾಣಿಸಿಕೊಂಡದ್ದು 1992ರ ಟಿವಿ ಕಾರ್ಟೂನಿನಲ್ಲಿ. ಮಾರ್ವೆಲ್‌ನ ಗೂಢಚಾರ ನಿಕ್ ಫ್ಯೂರಿಯ ಕಥೆ ಎಲ್ಲಕ್ಕಿಂತ ವಿಚಿತ್ರ: 2002ರ ‘ದಿ ಅಲ್ಟಿಮೇಟ್ಸ್’ನಲ್ಲಿ ಕಲಾವಿದ ಬ್ರಯನ್ ಹಿಚ್ ಅವನನ್ನು ನಟ ಸ್ಯಾಮ್ಯುಯೆಲ್ ಜಾಕ್ಸನ್ ಮುಖವಿಟ್ಟೇ ಬಿಡಿಸಿದರು, 2008ರಲ್ಲಿ ಅದೇ ನಟ ಪರದೆಯ ಮೇಲೆ ಆ ಪಾತ್ರವಾದರು.

ಹೀಗೆ ಪುಸ್ತಕ, ರೇಡಿಯೊ, ಸಿನಿಮಾ ಮೂರೂ ಒಂದರಿಂದ ಒಂದು ಪಡೆಯುತ್ತ, ಕೊಡುತ್ತ ಬಂದಿವೆ. ದೊಡ್ಡ ಶಕ್ತಿಯ ಜೊತೆ ದೊಡ್ಡ ಹೊಣೆಯೂ ಬರುತ್ತದೆ ಎಂಬ ಪ್ರಸಿದ್ಧ ಮಾತನ್ನೇ ನೋಡಿ. ಎಲ್ಲರೂ ಅದನ್ನು ಪೀಟರ್‌ನನ್ನು ಸಾಕಿದ ಬೆನ್ ಅಂಕಲ್ ಹೇಳಿದ ಮಾತೆಂದು ನೆನಪಿಟ್ಟುಕೊಂಡಿದ್ದಾರೆ. 1962ರ ಮೊದಲ ಕಥೆಯಲ್ಲಿ ಅದನ್ನು ಯಾವ ಪಾತ್ರವೂ ಹೇಳುವುದಿಲ್ಲ. ಕೊನೆಯ ಚೌಕದಲ್ಲಿ, ಕತ್ತಲಲ್ಲಿ ನಡೆದುಹೋಗುವ ಹುಡುಗನ ಮೇಲೆ, ಕಥೆ ಹೇಳುವವನ ಮಾತಾಗಿ ಅದನ್ನು ಬರೆಯಲಾಗಿದೆ. 2002ರಲ್ಲಿ ಬೆನ್ ಅಂಕಲ್ ಅದನ್ನು ಕಾರಿನಲ್ಲಿ ಕುಳಿತು ಹೇಳುತ್ತಾನೆ. 2021ರ ಸಿನಿಮಾದಲ್ಲಿ ಮೇ ಆಂಟಿ ಸಾಯುವ ಮುನ್ನ ಹೇಳುತ್ತಾಳೆ. ಭಾಗವತರ ಪದ್ಯ ಒಮ್ಮೆ ಒಬ್ಬರ ಅರ್ಥದಲ್ಲಿ, ಇನ್ನೊಮ್ಮೆ ಇನ್ನೊಬ್ಬರ ಅರ್ಥದಲ್ಲಿ ಬಂದಂತೆ.

ಹಾಗಾದರೆ ಚೌಕ ಚೌಕವನ್ನೂ ಅನುಸರಿಸಿ ಸಿನಿಮಾ ಮಾಡಿದರೆ? ಮಾಡಿದ್ದಾರೆ. ಆಲನ್ ಮೂರ್ ಬರೆದು ಡೇವ್ ಗಿಬ್ಬನ್ಸ್ ಬಿಡಿಸಿದ ‘ವಾಚ್‌ಮೆನ್’ 1986-87ರಲ್ಲಿ ಹನ್ನೆರಡು ಸಂಚಿಕೆಗಳಲ್ಲಿ ಬಂತು. ಹೆಚ್ಚಿನ ಪುಟಗಳು ಒಂಬತ್ತು ಚೌಕಗಳ ಲೆಕ್ಕದಲ್ಲಿವೆ. ಐದನೇ ಸಂಚಿಕೆಯನ್ನು ಕನ್ನಡಿಯಂತೆ ಕಟ್ಟಿದ್ದಾರೆ: ಮೊದಲ ಪುಟದ ಚೌಕಗಳ ಜೋಡಣೆ ಕೊನೆಯ ಪುಟದಲ್ಲಿ, ಎರಡನೆಯದರದು ಕೊನೆಯಿಂದ ಎರಡನೆಯದರಲ್ಲಿ, ಹೀಗೆ ನಡುವಿನ ಎರಡು ಪುಟಗಳು ಒಂದಕ್ಕೊಂದು ಪ್ರತಿಬಿಂಬವಾಗುವವರೆಗೆ. ಪುಸ್ತಕವನ್ನು ಎರಡು ಕೈಯಲ್ಲಿ ಹಿಡಿದವನಿಗಷ್ಟೇ ಅದು ಕಾಣುತ್ತದೆ. 2009ರ ಸಿನಿಮಾದಲ್ಲಿ ಜ್ಯಾಕ್ ಸ್ನೈಡರ್ ಹಲವು ಚೌಕಗಳನ್ನು ಅಚ್ಚಳಿಯದಂತೆ ಪರದೆಗೆ ತಂದರು, ಅಂತ್ಯವನ್ನು ಬದಲಾಯಿಸಿದರೂ ಚಿತ್ರಗಳ ನಿಷ್ಠೆಯಲ್ಲಿ ಕೊರತೆಯಿಲ್ಲ. ಆದರೂ ಅದು ನನ್ನನ್ನು ತಟ್ಟಲಿಲ್ಲ. ನಾನು ಪುಸ್ತಕದಲ್ಲಿ ನಿಂತ ಕಡೆ ಅದು ಓಡುತ್ತಿತ್ತು, ನಾನು ದಾಟಿದ ಕಡೆ ವೇಗ ತಗ್ಗಿಸಿ ನಿಲ್ಲುತ್ತಿತ್ತು.

ತದ್ವಿರುದ್ಧ ಉದಾಹರಣೆ 2018ರ ಅನಿಮೇಷನ್ ಸಿನಿಮಾ ‘ಸ್ಪೈಡರ್‌ಮ್ಯಾನ್: ಇಂಟು ದ ಸ್ಪೈಡರ್‌ವರ್ಸ್’. ಅದು ಯಾವ ಒಂದು ಪುಸ್ತಕವನ್ನೂ ಅನುಸರಿಸುವುದಿಲ್ಲ. ಆದರೆ ಹಳೆಯ ಅಗ್ಗದ ಮುದ್ರಣದ ಬಣ್ಣದ ಚುಕ್ಕೆಗಳು, ಪರದೆಯ ಮೇಲೆಯೇ ಮೂಡುವ ಅಕ್ಷರಗಳು ಅದರಲ್ಲಿವೆ. ಇನ್ನೂ ಕುಶಲವಾದ ಕೆಲಸವೆಂದರೆ, ಸ್ಪೈಡರ್‌ಮ್ಯಾನ್ ಆಗಲು ಇನ್ನೂ ಕಲಿಯುತ್ತಿರುವ ಹುಡುಗ ಮೈಲ್ಸ್ ಮೊರಾಲೆಸ್‌ನ ಪ್ರತಿ ಚಿತ್ರವನ್ನು ಹಲವೆಡೆ ಎರಡು ಚೌಕಟ್ಟು ಹೊತ್ತು ನಿಲ್ಲಿಸಿದ್ದಾರೆ, ಪಕ್ಕದಲ್ಲಿರುವ ಪಳಗಿದ ಪೀಟರ್‌ನ ಚಿತ್ರ ಪ್ರತಿ ಚೌಕಟ್ಟಿಗೂ ಬದಲಾಗುತ್ತದೆ. ಹುಡುಗ ತಡವರಿಸುವುದು ನಮಗೆ ಕಾರಣ ತಿಳಿಯದೆಯೇ ಕಾಣುತ್ತದೆ. ಕಾಮಿಕ್ಸ್‌ನ ಕಥೆಯನ್ನು ಬಿಟ್ಟು ಅದರ ಕಾಲದ ನಡಿಗೆಯನ್ನು ಎತ್ತಿಕೊಂಡ ಸಿನಿಮಾ ಇದು, ನನ್ನ ಲೆಕ್ಕದಲ್ಲಿ ಅತ್ಯಂತ ನಿಷ್ಠವಾದದ್ದು.

ಕೊನೆಯದಾಗಿ, ಸಿನಿಮಾ ನೋಡಿದ ಮೇಲೆ ಪುಸ್ತಕದಲ್ಲಿ ಹೊಸತೇನು ಸಿಗುತ್ತದೆ ಎಂದು ಕೇಳಿದ್ದೀರಿ. ನೀವೂ ಓದಲು ಕುಳಿತುಕೊಳ್ಳಿ ಎಂಬುದು ನನ್ನ ಉತ್ತರ. ಮಳೆ ಹಿಡಿದಿರುವ ಈ ದಿನಗಳು ಅದಕ್ಕೆ ಒಳ್ಳೆಯವು. ಮೊದಲು ಚಿತ್ರಗಳನ್ನಷ್ಟೇ ನೋಡಿಕೊಂಡು ಹೋಗಿ, ಗುಳ್ಳೆಗಳನ್ನು ಓದಬೇಡಿ. ಎರಡನೇ ಸಲ ಮಾತುಗಳನ್ನು ಗಟ್ಟಿಯಾಗಿ ಓದಿ, ನೀವೊಂದು ಪಾತ್ರ, ಮಗನೊಂದು ಪಾತ್ರ. ತಾಳಮದ್ದಳೆ ಕೇಳಿ ಬೆಳೆದವರಿಗೆ ಯಾವ ಗುಳ್ಳೆಯಲ್ಲಿ ನಿಲ್ಲಬೇಕು, ಯಾವುದನ್ನು ದಾಟಬೇಕು ಎಂಬುದನ್ನು ಯಾರೂ ಕಲಿಸಬೇಕಾಗಿಲ್ಲ.

ನಿಮ್ಮ ತಮ್ಮ ತಂದ ಸಂಪುಟದಲ್ಲಿ ಗ್ವೆನ್ ಸಾಯುವ ಸಂಚಿಕೆ ಇದೆಯೆಂದು ಮಗನ ಮಾತಿನಿಂದ ಗೊತ್ತಾಗುತ್ತದೆ. ಆ ಪುಟ ಬಂದಾಗ ಅವಳ ಕತ್ತಿನ ಪಕ್ಕದ ಸಣ್ಣ ಅಕ್ಷರಗಳ ಮೇಲೆ ಹೆಬ್ಬೆರಳಿಟ್ಟು ಮುಚ್ಚಿ. ಮುಂದಿನ ಚೌಕಗಳನ್ನು ಮಗನಿಂದ ಓದಿಸಿ, ಸ್ಪೈಡರ್‌ಮ್ಯಾನ್ ಹಿಗ್ಗಿನಿಂದ ಅವಳನ್ನು ಮೇಲೆ ಎಳೆದುಕೊಳ್ಳುವವರೆಗೆ. ಅವಳನ್ನು ಕೊಂದದ್ದು ಏನು ಎಂದು ಕೇಳಿ. ಮಗ ಉತ್ತರ ಕೊಟ್ಟ ಮೇಲೆ ಹೆಬ್ಬೆರಳು ತೆಗೆದು ಅದೇ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿ.